ಗಾಳಿಗೆ ಬಿಟ್ಟ ಗ್ಯಾಸು

ಅಮರಯ್ಯ ಸುರಪುರದ ಕಡೆಯಿಂದ ಹೈದರಾಬಾದಿಗೆ ಬಂದದ್ದು ಗಾರೆ ಕೆಲಸಕ್ಕೆ. ಮೂರು ವರ್ಷ ಇಟ್ಟಿಗೆ ಹೊತ್ತ ಮೇಲೆ ಎ.ಸಿ. ರಿಪೇರಿ ಕಲಿತ. ನಲವತ್ತರ ಹೊತ್ತಿಗೆ ಮಿಯಾಪುರದ ಒಂದು ಸರ್ವಿಸ್ ಕಂಪನಿಯಲ್ಲಿ ಅವನಷ್ಟು ಕೈ ಕುದುರಿದ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ.

ಎ.ಸಿ.ಯ ಗ್ಯಾಸನ್ನು ಗಾಳಿಗೆ ಬಿಟ್ಟರೆ ಓಝೋನ್ ಪದರ ಹರಿಯುತ್ತದೆ, ಭೂಮಿ ಬಿಸಿಯೇರುತ್ತದೆ. ಅದನ್ನು ತಡೆಯಲು ದೇಶದೇಶಗಳು ಒಪ್ಪಂದ ಮಾಡಿಕೊಂಡಿವೆ ಎಂದು ಅವನಿಗೆ ಗೊತ್ತಿತ್ತು. ಗ್ಯಾಸನ್ನು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬಬೇಕು. ಕಂಪನಿಯಲ್ಲಿ ಆ ಯಂತ್ರವಿತ್ತು, ಪ್ಲಾಸ್ಟಿಕ್ ಹೊದಿಕೆ ಸಹಿತ. ತಾಸು ಹೊತ್ತು ಹೆಚ್ಚು ಹಿಡಿಯುತ್ತದೆಂದು ಮಾಲೀಕರು ಮುಟ್ಟಗೊಡುತ್ತಿರಲಿಲ್ಲ. ಟೆರೇಸಿನ ಮೇಲೆ ಅಮರಯ್ಯ ವಾಲ್ವ್ ಸಡಿಲಿಸಿದರೆ ಗ್ಯಾಸು ಬುಸ್ಸೆಂದು ಹೋಗುತ್ತಿತ್ತು. ಸುಟ್ಟ ಕಂಪ್ರೆಸರಿನ ಹುಳಿನಾತದ ಎಣ್ಣೆ ಮೀಸೆಗೆ ಸಿಡಿಯುತ್ತಿತ್ತು. ಎಷ್ಟು ಸೋಪು ತಿಕ್ಕಿದರೂ ಹೆಂಡತಿ ಶೈಲಾ ಬಡಿದ ಬಿಸಿ ರೊಟ್ಟಿಯಲ್ಲೂ ಅವನಿಗೆ ಅದೇ ನಾತ.

ಕಳೆದ ಬೇಸಿಗೆಯಲ್ಲಿ ವಿದೇಶಿ ಹೋಟೆಲೊಂದು ಕಂಪನಿಗೆ ಗುತ್ತಿಗೆ ಕೊಡಲು ಮುಂದಾಯಿತು. ನಿಯಮ ಪಾಲನೆಯಾಗುತ್ತಿದೆಯೇ ಎಂದು ತಪಾಸಣೆ ಮಾಡಿಸುವುದು ಅದರ ಷರತ್ತು. ಹಿಂದಿನ ದಿನ ಯಂತ್ರದ ಹೊದಿಕೆ ಬಿಚ್ಚಿ, ಬಳಸಿದಂತೆ ಕಾಣಲೆಂದು ಗ್ರೀಸು ಸವರಿದರು. ಅಮರಯ್ಯನಿಗೆ ನಾಲ್ಕು ಅಂಗಿ ಬದಲಿಸಿ ತೊಡಿಸಿ, ನಾಲ್ಕು ತಿಂಗಳ ಕೆಲಸವೆಂದು ಒಂದೇ ಮಧ್ಯಾಹ್ನ ಫೋಟೋ ತೆಗೆದರು. ಮೂರನೆಯ ಅಂಗಿಗೆ ಅವನು ಕ್ಯಾಮೆರಾ ಕಡೆ ನೋಡುವುದನ್ನೇ ಬಿಟ್ಟ.

ತಪಾಸಣೆಗೆ ಬಂದವಳು ಶರ್ವರಿ. ಅವಳ ಅಜ್ಜ ಕಲಬುರಗಿಯಿಂದ ಇಲ್ಲಿಗೆ ಸರ್ಕಾರಿ ನೌಕರಿಗೆ ಬಂದವರಂತೆ. ಅಮರಯ್ಯನ ಹಿಂದಿ ಕೇಳಿದವಳೇ ಕನ್ನಡಕ್ಕೆ ತಿರುಗಿದಳು. ಕನ್ನಡ ಬಾರದ ಮಾಲೀಕರು ಪಕ್ಕದಲ್ಲೇ ನಗುತ್ತ ನಿಂತಿದ್ದರು. ಅಮರಯ್ಯ ದನಿ ಏರಿಸದೆ ಹೇಳಿದ: "ಅಕ್ಕಾರ, ಈ ಮಷೀನು ನಿನ್ನೆ ಬಿಚ್ಚೀವ್ರಿ. ಎರಡು ವರ್ಷದಾಗ ಒಂದು ಕಿಲೋ ಗ್ಯಾಸೂ ಹಿಡದಿಲ್ಲ. ಎಲ್ಲಾ ನನ್ನ ಕೈಯಾರೆ ಗಾಳಿಗೆ ಬಿಟ್ಟೀನಿ."

ಅವಳು ಪೆನ್ನು ನಿಲ್ಲಿಸಿ ಅವನನ್ನು ನೋಡಿದಳು, ತಲೆಯಾಡಿಸಿ ಮುಂದೆ ಹೋದಳು.

ಎರಡು ವಾರಕ್ಕೆ ವರದಿ ಬಂತು. ವ್ಯವಸ್ಥೆ ತೃಪ್ತಿಕರ, ಕೆಲಸಗಾರರಿಗೆ ಇನ್ನಷ್ಟು ತರಬೇತಿ ಬೇಕು. ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಅಮರಯ್ಯ ಅದನ್ನು ಮುಟ್ಟದೆ ಹೊರಗೆ ಬಂದು ಶರ್ವರಿಗೆ ಫೋನು ಮಾಡಿ, ತಾನು ಹೇಳಿದ್ದು ಎಲ್ಲಿ ಹೋಯಿತೆಂದು ಕೇಳಿದ.

"ಅದನ್ನ ವರದಿಯಾಗ ಬರೆದಿದ್ರ ಇಪ್ಪತ್ತು ಮಂದಿ ಕೆಲಸ ಹೋಗ್ತಿತ್ತು" ಎಂದಳು ಆಕೆ. "ನಿಮ್ಮ ಒಳ್ಳೇದಕ್ಕ ಮಾಡೀನ್ರಿ."

ಗ್ರೀಸು, ಅಂಗಿ, ಫೋಟೋ ಎಲ್ಲಕ್ಕಿಂತ ಈ ಮಾತೇ ಅವನಿಗೆ ಹೆಚ್ಚು ಹೇಸಿಗೆ ತಂದಿತು.

ಸೋಮವಾರ ತರಬೇತಿ. ಒಂದು ದಿನವೂ ನಟ್ಟು ತಿರುಗಿಸುವ ಪಾನಾ ಹಿಡಿಯದ ಮ್ಯಾನೇಜರ್ ನಚಿಕೇತ ಗೋಡೆಯ ಪರದೆ ನೋಡಿ ಓದತೊಡಗಿದ: ಗ್ಯಾಸನ್ನು ಗಾಳಿಗೆ ಬಿಡಬಾರದು. ಎದುರಿಗೆ ಮೊದಲ ಬೆಂಚಿನಲ್ಲಿ ಅಮರಯ್ಯನನ್ನೇ ಕೂರಿಸಿದ್ದರು. ಅವನು ಎದ್ದು, ಕಂಪನಿಯ ಅಂಗಿ ಕಳಚಿ ಮೇಜಿನ ಮೇಲಿಟ್ಟು, ಬನಿಯನ್ನಿನಲ್ಲೇ ಹೊರನಡೆದ.

ಈಗ ಮೆಹದಿಪಟ್ನಂನಲ್ಲಿ ಒಬ್ಬನೇ ಕೆಲಸ ಮಾಡುತ್ತಾನೆ, ಗ್ಯಾಸು ಹೀರುವ ಸೆಕೆಂಡ್‌ಹ್ಯಾಂಡ್ ಯಂತ್ರವೊಂದನ್ನು ಹೊತ್ತು. ಗಿರಾಕಿಗಳು ಕಡಿಮೆ. ಹೋದ ವಾರ ಒಬ್ಬರು, ಬೇರೆಯವರು ಹತ್ತು ನಿಮಿಷಕ್ಕೆ ಮುಗಿಸುತ್ತಾರೆ, ನೀನೂ ಗ್ಯಾಸನ್ನು ಗಾಳಿಗೆ ಬಿಟ್ಟುಬಿಡು ಎಂದರು.

"ಅವರ್ನ ಕರೀರಿ" ಎಂದು ಅಮರಯ್ಯ ಪೈಪು ಸುತ್ತಿಕೊಂಡು ಮೆಟ್ಟಿಲಿಳಿದ.