ಒಂಬತ್ತು ಊರಿನ ಅಂದಾಜು, ಒಂದೇ ಬಾಯಿ

ಎರಡು ವರ್ಷದ ಹಿಂದೆ ಕುಂದಗೋಳ ತಾಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನಾನು ಯೋಜನಾ ಸಹಾಯಕನಾಗಿ ಸೇರಿದೆ. ಹುದ್ದೆಯ ಹೆಸರು ದೊಡ್ಡದು. ಕೈಗೆ ಸಿಕ್ಕಿದ್ದು ಒಂದು ಕಂಪ್ಯೂಟರು, ಒಂದು ಅಲುಗಾಡುವ ಕುರ್ಚಿ, ಒಂಬತ್ತು ಊರುಗಳ ಬೆಳೆ ಲೆಕ್ಕ. ಎಂಬಿಎ ಮುಗಿಸಿದ್ದೆ. ಆದರೆ ಜನ ನನ್ನನ್ನು ಗುರುತಿಸುತ್ತಿದ್ದದ್ದು ಅದಕ್ಕಲ್ಲ, ಎಲ್ಲರ ದನಿ ಅಣಕಿಸುತ್ತಿದ್ದದ್ದಕ್ಕೆ. ಅಧ್ಯಕ್ಷ ಗೌಡರು ಮೂರು ಸಲ ಕೆಮ್ಮಿ ಮಾತಿಗೆ ಇಳಿಯುವುದು, ಒಂದು ಊರಿನ ಪ್ರತಿನಿಧಿ ಶಂಕ್ರಪ್ಪ ಕಾಕಾ ಪ್ರತಿ ಅಂಕಿಯನ್ನೂ ಹಿಗ್ಗಿಸಿ ಹೇಳುವುದು, ಸಂದರ್ಶನದ ದಿನ ನನ್ನ ದನಿಯೇ ಮೂಗಿನೊಳಗೆ ಸಿಕ್ಕಿಕೊಂಡದ್ದು, ಯಾವುದನ್ನೂ ಬಿಟ್ಟವನಲ್ಲ.

ಮ್ಯಾನೇಜರ್ ಶೈಲಜಾ ಮೇಡಂ ನನಗೆ ಫೋರ್‌ಕಾಸ್ಟಿಂಗ್ ಕಲಿಸಿದರು. ಮೊದಲನೆಯದು ಮೂವಿಂಗ್ ಆವರೇಜ್: ಹಿಂದಿನ ಮೂರು ವರ್ಷದ ಅಂಕಿಗಳ ಸರಾಸರಿ ತೆಗೆದು ಮುಂದಿನ ವರ್ಷವನ್ನು ಊಹಿಸುವುದು. ಎರಡನೆಯದು ಡೆಲ್ಫಿ: ವಿಷಯ ಬಲ್ಲವರನ್ನು ಬೇರೆ ಬೇರೆಯಾಗಿ ಕೇಳಿ, ಬಂದ ಉತ್ತರಗಳನ್ನು ಹೆಸರಿಲ್ಲದೆ ಎಲ್ಲರಿಗೂ ತೋರಿಸಿ, ಮತ್ತೊಮ್ಮೆ ಕೇಳುವುದು.

“ಬ್ಯಾರೆ ಬ್ಯಾರೆ ಯಾಕ್ರಿ? ಮೀಟಿಂಗ್ ಕರದ್ರ ಅರ್ಧಾ ತಾಸಿನಾಗ ಮುಗೀತದಲ್ರಿ,” ಎಂದೆ.

“ಮೀಟಿಂಗಿನಾಗ ಗೌಡ್ರು ಇನ್ನೂರು ಅಂದ್ರ ಉಳದವ್ರೆಲ್ಲಾ ಹೌದ್ರಿ ಅಂತಾರ. ನನಗ ಒಂಬತ್ತು ತಲಿ ಬೇಕು,” ಎಂದರು ಮೇಡಂ.

ಆ ಜುಲೈನಲ್ಲಿ ಅಂದಾಜು ಬೇಕಾಗಿದ್ದದ್ದು ಹೆಸರು ಬೆಳೆಗೆ. ಆಗಸ್ಟಿನಲ್ಲಿ ರಾಶಿ ಮಾಡಲು ಹೊರ ರಾಜ್ಯದಿಂದ ಕಟಾವು ಮಷಿನ್‌ಗಳು ಬರುತ್ತವೆ. ಹದಿನೈದು ದಿನದಲ್ಲಿ ಒಂದು ಮಷಿನ್ ಸುಮಾರು ಮುನ್ನೂರು ಎಕರೆ ಮುಗಿಸುತ್ತದೆ. ಎಷ್ಟು ಬೇಕೆಂದು ಜುಲೈ ಇಪ್ಪತ್ತರ ಸಂಜೆ ಐದರೊಳಗೆ ಏಜೆಂಟನಿಗೆ ಹೇಳದಿದ್ದರೆ ಅವು ಬೇರೆ ಜಿಲ್ಲೆಗೆ ಹೋಗಿಬಿಡುತ್ತವೆ. ಕಡಿಮೆ ಹೇಳಿದರೆ ಒಣಗಿದ ಕಾಯಿ ಗಿಡದಲ್ಲೇ ನಿಲ್ಲುತ್ತದೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಕಾಳು ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ಆಮೇಲೆ ಅದನ್ನು ಯಾವ ವ್ಯಾಪಾರಿಯೂ ಮೂಸುವುದಿಲ್ಲ.

ಊರಿಗೊಬ್ಬರಂತೆ ಒಂಬತ್ತು ಪ್ರತಿನಿಧಿಗಳಿದ್ದರು. ಒಂಬತ್ತು ಫಾರ್ಮುಗಳನ್ನು ಹಿಡಿದು ಹೊರಡಬೇಕಾಗಿತ್ತು. ಕಪ್ಪು ಮಣ್ಣಿನ ರಸ್ತೆ, ಮೇಲೆ ಮಳೆ. ಚಹಾದ ಹೊತ್ತಿಗೆ, ಮೇಡಂ ಹೊರಗೆ ಹೋಗಿದ್ದಾಗ, ಆಫೀಸಿನವರ ಮುಂದೆ ಒಂದು ಆಟ ಹೂಡಿದೆ. ಶಂಕ್ರಪ್ಪ ಕಾಕಾನ ದನಿಯಲ್ಲಿ, “ಬರ್ಕೋಲೇ, ಎರಡನೂರಾ ಐವತ್ತು! ಕಮ್ಮಿ ಆದ್ರ ನನ್ನ ಮೀಸಿ ಬೋಳಸು!” ಎಂದೆ. ಇನ್ನೊಂದು ಊರಿನ ಪ್ರತಿನಿಧಿ ಮಲ್ಲವ್ವನ ದನಿಯಲ್ಲಿ, “ನನಗೇನ್ ತಿಳೀತೈತೋ ಯಪ್ಪಾ, ಒಂದ್ ನೂರಾ ಅರವತ್ತು ಇರಬೇಕು,” ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗು ಅಡಗುವಷ್ಟರಲ್ಲಿ ಒಂಬತ್ತೂ ಫಾರ್ಮು ತುಂಬಿದ್ದವು. ಯಾರು ಏನು ಹೇಳುತ್ತಾರೆಂದು ಗೊತ್ತಿದ್ದ ಮೇಲೆ ಕೇಳುವುದೇಕೆ ಎಂದುಕೊಂಡೆ. ಎರಡನೇ ಸುತ್ತನ್ನೂ ನಾನೇ ಮುಗಿಸಿದೆ, ಒಂದಿಬ್ಬರ ಮನಸ್ಸು ಬದಲಾಗುವಂತೆ ಕೂಡ ಮಾಡಿದೆ.

ಒಟ್ಟು 1,490 ಎಕರೆ. ಐದು ಮಷಿನ್.

ಮೇಡಂ ಫಾರ್ಮು ನೋಡಿ ಹಿಗ್ಗಿದರು. “ಮೂವಿಂಗ್ ಆವರೇಜಿಗೂ ಇದಕ್ಕೂ ಹತ್ತು ಎಕರೆ ಫರಕಿಲ್ಲ. ಭಾಳ ಚಲೋ ಮಾಡೀದಿ.” ಅಂದೇ ಏಜೆಂಟನಿಗೆ ಐದು ಮಷಿನ್ ಬುಕ್ ಮಾಡಿದರು, ನಾನು ತಲೆ ತಗ್ಗಿಸಿ ಫಾರ್ಮುಗಳನ್ನು ಫೈಲಿಗೆ ಸೇರಿಸಿದೆ. ಮರುದಿನ ಊಟದ ಡಬ್ಬಿ ತೆರೆದವನು ಹಾಗೇ ಮುಚ್ಚಿದೆ.

ಹತ್ತೊಂಬತ್ತನೇ ತಾರೀಖು ಗುಡಗೇರಿಯಲ್ಲಿ ಸಂತೆ. ಅಲ್ಲಿ ಮಲ್ಲವ್ವನೇ ಎದುರಿಗೆ ಬಂದಳು, ಕೈಯಲ್ಲಿ ಮೆಣಸಿನಕಾಯಿ ಚೀಲ.

“ಏನಲೇ, ಈ ಸಲ ನಮ್ಮೂರಿಗೆ ಕೇಳಾಕ ಬರಲೇ ಇಲ್ಲ? ನನ್ನ ಆಟ ಮಾಡಾಕ ಮಾತ್ರ ಪುರಸೊತ್ತೈತಿ ಹೌದಿಲ್ಲೋ?”

ನಕ್ಕು, ಎಷ್ಟು ಎಕರೆ ಹೆಸರು ಎಂದು ಸುಮ್ಮನೆ ಕೇಳುವಂತೆ ಕೇಳಿದೆ.

“ಹೋದ ವರ್ಷ ಹತ್ತಿಗೆ ಹುಳ ಬಿತ್ತಲ್ಲ, ಈ ಸಲ ಯಾರೂ ಹತ್ತಿ ಸನೇಕ ಹೋಗಿಲ್ಲ. ಊರ ತುಂಬ ಹೆಸರ ಐತಿ. ಮುನ್ನೂರರ ಮ್ಯಾಲ.”

ನಾನು ಅವಳ ಬಾಯಿಂದ ಹೇಳಿಸಿದ್ದು ನೂರಾ ಅರವತ್ತು. ಅಲ್ಲೇ ಉಳ್ಳಾಗಡ್ಡಿ ರಾಶಿಯ ಪಕ್ಕದಲ್ಲಿ ನಿಂತು ಉಳಿದ ಎಂಟು ಮಂದಿಗೆ ಫೋನ್ ಹಚ್ಚಿದೆ. ಮೂವರು ಎತ್ತಲಿಲ್ಲ. ಎತ್ತಿದ ಐವರಲ್ಲಿ ನಾಲ್ವರ ಅಂಕಿ ನನ್ನದಕ್ಕಿಂತ ಬಹಳ ಮೇಲಿತ್ತು. ಎಲ್ಲವನ್ನೂ ಹಿಗ್ಗಿಸುವ ಶಂಕ್ರಪ್ಪ ಕಾಕಾ ಮಾತ್ರ ಕಡಿಮೆ ಹೇಳಿದ. ಅದು ಇನ್ನೂ ಹೆದರಿಕೆ ಹುಟ್ಟಿಸಿತು: ನಾನು ಬಲ್ಲೆ ಎಂದುಕೊಂಡವರು ಯಾರೂ ನಾನು ಬಲ್ಲ ಹಾಗೆ ಮಾತಾಡುತ್ತಿರಲಿಲ್ಲ. ಗಡುವಿಗೆ ಒಂದೇ ದಿನ ಉಳಿದಿತ್ತು, ಬುಕಿಂಗ್ ಬದಲಿಸುವ ಅಧಿಕಾರ ಮೇಡಂಗೆ ಮಾತ್ರ ಇತ್ತು.

ಆಫೀಸಿಗೆ ಓಡಿಬಂದು, ಒಂಬತ್ತೂ ಫಾರ್ಮು ತುಂಬಿದ್ದು ನಾನೇ ಎಂದು ಹೇಳಿಬಿಟ್ಟೆ. ಮೇಡಂ ಫಾರ್ಮುಗಳನ್ನು ಒಂದೊಂದಾಗಿ ತಿರುವಿ ಹಾಕಿದರು.

“ಇದನ್ನ ಯಾರ ದನಿಯೊಳಗ ಹೇಳ್ಲಿಕ್ಕತ್ತಿ?”

“ನಂದರಾಗ್ರಿ, ಮೇಡಂ.”

“ಹಂಗಾರ ಗಾಡಿ ತಗಿ. ನಾಲ್ಕೂರು ನಿಂದು, ಐದೂರು ನಂದು.”

ಮರುದಿನ ಮಧ್ಯಾಹ್ನ ಮೂರೂವರೆಗೆ, ಮೊಣಕಾಲಿನವರೆಗೆ ಕೆಸರಾಗಿ, ಒಂಬತ್ತು ನಿಜವಾದ ಉತ್ತರಗಳನ್ನು ಕೂಡಿಸಿದೆವು. 2,340 ಎಕರೆ. ಎಂಟು ಮಷಿನ್. ಏಜೆಂಟ್ ಫೋನಿನಲ್ಲಿ, “ಏಳು ಅದಾವ್ರಿ. ನಿನ್ನೆ ಕೇಳಿದ್ರ ಎಂಟು ಕೊಡ್ತಿದ್ದೆ,” ಎಂದ. ಆ “ನಿನ್ನೆ” ಎಂಬುದನ್ನು ಅವನು ಒತ್ತಿಯೇನೂ ಹೇಳಲಿಲ್ಲ. ನನಗೆ ಹಾಗೆ ಕೇಳಿಸಿತು.

ಆಗಸ್ಟಿನಲ್ಲಿ ಪ್ರತಿದಿನ ಬೆಳಿಗ್ಗೆ ಮೊದಲು ಮೋಡ ನೋಡಿ ಆಮೇಲೆ ಮುಖ ತೊಳೆಯುತ್ತಿದ್ದೆ. ರಾಶಿಯ ಹನ್ನೆರಡನೇ ದಿನ ಮಳೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ಅಷ್ಟರಲ್ಲಿ ಬಹುಪಾಲು ಹೊಲ ಖಾಲಿಯಾಗಿತ್ತು. ಉಳಿದದ್ದರಲ್ಲಿ ಮಲ್ಲವ್ವನ ಮೂರು ಎಕರೆಯೂ ಇತ್ತು. ತನ್ನ ಊರಿನ ಸರದಿ ಪಟ್ಟಿ ಬರೆಸಿದವಳು ಅವಳೇ; ತನ್ನ ಹೆಸರನ್ನು ಕೊನೆಗೆ ಹಾಕಿಸಿದ್ದಳು.

ಮಳೆ ನಿಂತ ಮೇಲೆ ಅವಳು ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಹೆಸರಿನ ಗಿಡ ಇಟ್ಟಳು. ಕಾಯಿಗಳು ಬಿರಿದು ಬಿಳಿ ಮೊಳಕೆ ಇಣುಕುತ್ತಿದ್ದವು. ಅವಳಿಗೆ ಮೇಡಂ ಎಲ್ಲವನ್ನೂ ಹೇಳಿದ್ದರು.

“ಈಗ ನಾ ಏನಂತೀನಿ? ನನ್ನ ದನಿಯೊಳಗ ಹೇಳ ನೋಡೂಣು.”

ಆಫೀಸಿನವರೆಲ್ಲ ನನ್ನ ಕಡೆ ತಿರುಗಿದರು. ಬಾಯಿ ತೆರೆದೆ. ಬೈಯುತ್ತಾಳೋ, ಅಳುತ್ತಾಳೋ, ನಗುತ್ತಾಳೋ ನನಗೆ ಗೊತ್ತಿರಲಿಲ್ಲ.

“ಬರವಲ್ದೇನು?”

“ಇಲ್ಲಬೇ.”

“ಹಂಗಾರ ಕೇಳು.”

ಅಣಕಕ್ಕೆ ಜನ ಈಗಾಗಲೇ ಆಡಿದ ಮಾತು ಸಾಕು. ಅಂದಾಜಿಗೆ ಬೇಕಾದದ್ದು ಅವರು ಇನ್ನೂ ಆಡದಿರುವ ಮಾತು. ಅದನ್ನು ಕೇಳದೆ ಪಡೆಯುವ ವಿಧಾನವನ್ನು ನಾನು ಇನ್ನೂ ಕಂಡಿಲ್ಲ. ಅವತ್ತು ಮಲ್ಲವ್ವ ಕುರ್ಚಿ ಎಳೆದುಕೊಂಡು ಕೂತು, ಹಿಂಗಾರಿಗೆ ತನ್ನೂರಿನ ಯಾವ ಹೊಲಕ್ಕೆ ಯಾರು ಏನು ಬಿತ್ತುತ್ತಾರೆಂದು ಒಂದೊಂದಾಗಿ ಹೇಳತೊಡಗಿದಳು. ನಾನು ಬರೆದುಕೊಂಡೆ. ಮೊದಲ ಹೊಲಕ್ಕೇ, ನನ್ನ ಮನಸ್ಸಿನಲ್ಲಿದ್ದ ಬೆಳೆ ಬೇರೆ, ಅವಳು ಹೇಳಿದ್ದು ಬೇರೆ.