ಅಂಬಮ್ಮನ ಕೈಗುಣ

ದೇಶನೂರಿನ ಅಂಬಮ್ಮ ಮೊದಲ ಹಿಡಿ ಸಸಿ ಹಚ್ಚದೆ ಸಾವ್ಕಾರ ದೊಡ್ಡಬಸಪ್ಪನ ಗದ್ದೆಗೆ ಯಾರೂ ಇಳಿಯುತ್ತಿರಲಿಲ್ಲ. ಅವಳ ಕೈಗುಣ ಅಂಥದು ಅಂತ ಊರೇ ನಂಬಿತ್ತು. ಗಂಡ ಸತ್ತ ಮೇಲೆ ನಾಟಿ ಹೆಂಗಸರ ಗುಂಪು ಕಟ್ಟಿಕೊಂಡು, ಅವರಿಗೆಲ್ಲ ಅಕ್ಕನಾಗಿ, ಬಾಯಿ ಜೋರು ಮಾಡಿಯೇ ಬದುಕಿದವಳು ಅವಳು. ಸಾವ್ಕಾರನ ಗದ್ದೆಯ ಕೂಲಿಯೇ ಆ ಮನೆಗಳ ಮಳೆಗಾಲದ ಅನ್ನ.

ಎಪ್ಪತ್ತೆರಡರಲ್ಲಿ ತೆಲುಗು ಸೀಮೆಯ ಆದೋನಿ ಕಡೆ ಮಳೆ ಕೈಕೊಟ್ಟಿತು. ಇಲ್ಲಿ ಕಾಲುವೆಯಲ್ಲಿ ನೀರಿತ್ತು. ನೀರಿದ್ದಲ್ಲಿಗೆ ಜನ ಬರದೆ ಇನ್ನೆಲ್ಲಿಗೆ ಹೋದಾರು? ಮಕ್ಕಳುಮರಿ ಕಟ್ಟಿಕೊಂಡು ಒಂದು ಲಾರಿ ಜನ ಬಂದಿಳಿದರು. ಅರ್ಧ ಕೂಲಿಗೆ ಒಪ್ಪಿದ ಅವರಿಗೆ ಸಾವ್ಕಾರ ಇಡೀ ನಾಟಿಯನ್ನೇ ಗುತ್ತಿಗೆ ಕೊಟ್ಟುಬಿಟ್ಟ. ಅಂಬಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆ ಸಿಟ್ಟನ್ನು ಸಾವ್ಕಾರನ ಮೇಲೆ ತೀರಿಸಿಕೊಳ್ಳಲಾದೀತೇ? ಗದ್ದೆ ಬಾವಿಯ ಹಗ್ಗ ಬಿಚ್ಚಿ ತಂದು ತನ್ನ ಮನೆಯ ಗೂಟಕ್ಕೆ ಹಾಕಿದಳು. ಬಂದವರು ಕಾಲುವೆಯ ರಾಡಿ ಕುಡಿಯಲಿ ಅಂತ.

ನಾಟಿಯ ದಿನ ಬೆಳಿಗ್ಗೆ ಸಾವ್ಕಾರನ ಆಳು ಗಾಳೆಪ್ಪ ಬಂದ.

"ಅಕ್ಕಾ, ಮೊದಲ ಹಿಡಿ ಹಚ್ಚಾಕ ಬರಬೇಕಂತ. ಸೀರಿ, ಕುಬಸ ತಂದಿಟ್ಟಾರ."

"ನನ್ನ ಕೈಗುಣ ಬೇಕು, ನಮ್ಮ ಕೈ ಬ್ಯಾಡೇನು?" ಅಂದಳು ಅಂಬಮ್ಮ. "ಬರಂಗಿಲ್ಲಂತ ಹೇಳು ಹೋಗು."

ಅಂಗಳದಲ್ಲಿ ಸೇರಿದ್ದ ಗುಂಪಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕಿತ್ತ ಸಸಿ ಬಿಸಿಲಿಗೆ ಬಾಡತೊಡಗಿದರೆ ಸಾವ್ಕಾರ ತಾನಾಗಿ ದಾರಿಗೆ ಬರುತ್ತಾನೆ, ಎಲ್ಲರನ್ನೂ ಕೂಲಿಗೆ ಕರೆಯುತ್ತಾನೆ ಅಂತ ಅವರ ಲೆಕ್ಕ.

ಮಧ್ಯಾಹ್ನ ಗಾಳೆಪ್ಪ ಮತ್ತೆ ಬಂದ. "ಸಾವ್ಕಾರ್ರು ತಾವಾ ಮೊದಲ ಹಿಡಿ ಹಚ್ಚಿದ್ರಕ್ಕಾ."

ಅಂಬಮ್ಮ ಕೂತಲ್ಲಿಂದ ಎದ್ದಳು. ಇದ್ದದ್ದೊಂದು ಹಿಡಿತ, ಅದೂ ಹೋಯಿತಲ್ಲ ಶಿವನೇ. "ಹಂಗಾರ ನಾಟಿ ನಡದೈತಿ?"

"ಎಲ್ಲಿ ನಡದೈತಿ? ಆ ಆದೋನಿ ಮಂದಿ ಹಿರಿಯಾಕಿ, ಹೊನ್ನೂರಮ್ಮ ಅಂತ, ನೀ ಬರಂಗಿಲ್ಲಂದಿದ್ದು ಕೇಳಿ ಗದ್ದಿಗೆ ಇಳಿವಲ್ಲಳು. 'ಮಾ ಊಳ್ಳೋ, ನಮ್ಮೂರಾಗ, ಮೊದಲ ಹಿಡಿ ನಂದಾ. ಇನ್ನೊಬ್ಬರ ಊರಾಗ ಅವರಕ್ಕನ್ನ ದಾಟಿ ನಾ ಹೆಂಗ ಇಳೀಲಿ' ಅಂತಾಳ. ಎಲ್ಲಾರೂ ಬದುವಿನ ಮ್ಯಾಲ ಕುಂತಾರ. ಕೂಸುಗಳು ನೀರಿಗೆ ಅಳಾಕತ್ತಾವು."

ಗೂಟದ ಮೇಲಿನ ಹಗ್ಗದ ಕಡೆ ನೋಡಲು ಅಂಬಮ್ಮನಿಗೆ ನಾಚಿಕೆಯಾಯಿತು. ಕೂಳಿಗಾಗಿ ಊರು ಬಿಟ್ಟು ಬಂದವಳು ತನಗಾಗಿ ಆ ಕೂಳನ್ನೇ ಬಿಟ್ಟು ಕೂತಿದ್ದಾಳೆ; ತಾನೋ ಅವರ ಮಕ್ಕಳ ನೀರಿಗೆ ಕೈ ಹಾಕಿದವಳು. ಹಗ್ಗ ಹೆಗಲಿಗೇರಿಸಿಕೊಂಡು ಹೊರಟಳು. ಹೆಂಗಸರು ಗೊಣಗುತ್ತಲೇ ಹಿಂದೆ ಬಂದರು.

ಬದುವಿನ ಮೇಲೆ ಹೊನ್ನೂರಮ್ಮ ಎದ್ದು ನಿಂತಳು. ಅಂಬಮ್ಮ ಹಗ್ಗವನ್ನು ಅವಳ ಕೈಗಿತ್ತು, "ಮೊದಲು ಕೂಸುಗಳಿಗೆ ನೀರು ಸೇದಿ ಕೊಡವ್ವ" ಅಂದಳು. ಆಮೇಲೆ ಅಲ್ಲೇ ನಿಂತಿದ್ದ ಸಾವ್ಕಾರನ ಕಡೆ ತಿರುಗಿದಳು. "ಅರ್ಧ ಗದ್ದಿ ಅವರದು, ಅರ್ಧ ನಮ್ಮದು. ಕೂಲಿ ಇಬ್ಬರಿಗೂ ಹಳೇದಾ, ಸಾವ್ಕಾರ್ರ."

ದೊಡ್ಡಬಸಪ್ಪ ಬಾಡುತ್ತಿದ್ದ ಸಸಿ ನೋಡಿದ, ಅಲ್ಲಾಡದೆ ನಿಂತ ಎರಡೂ ಗುಂಪು ನೋಡಿದ. ಬೇರೆ ದಾರಿ ಕಾಣದೆ ಹ್ಞೂಂ ಅಂದ.

ಅಂಬಮ್ಮ ಗದ್ದೆಗಿಳಿದಳು. ಸಾವ್ಕಾರ ಹಚ್ಚಿದ್ದ ಹಿಡಿಯನ್ನು ಕಿತ್ತು ಎರಡು ಪಾಲು ಮಾಡಿದಳು. ಒಂದು ಪಾಲು ಕೈಯಲ್ಲಿ ಹಿಡಿದು, ಇನ್ನೊಂದನ್ನು ಹೊನ್ನೂರಮ್ಮನಿಗೆಂದು ಬದುವಿನ ಮೇಲಿಟ್ಟು, ಅವಳು ನೀರು ಸೇದಿ ಬರುವವರೆಗೂ ಕಾದು ನಿಂತಳು.