ಹೊಳೆ ದಾಟಿದ ಎದುರುಮನೆಯ ಅಕ್ಕ

ಹೋದ ವಾರ ಆದೋನಿಯ ಬಸ್ ನಿಲ್ದಾಣದ ಹತ್ತಿರ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸುತ್ತ ನಿಂತಿದ್ದೆ. ಅಂಗಡಿಯವನು ಟ್ಯೂಬಿಗೆ ಸಲ್ಯೂಷನ್ ಸವರಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಅಕ್ಕ ನೆನಪಾದಳು. ಆಕೆಯ ಮೂರು ಗಾಲಿಯ ಸೈಕಲ್ಲು ನಮ್ಮ ಓಣಿಯ ಚೂಪುಗಲ್ಲುಗಳಿಗೆ ಸಿಕ್ಕಿ ಮೇಲಿಂದ ಮೇಲೆ ಪಂಕ್ಚರ್ ಆಗುತ್ತಿತ್ತು. ಕಟ್ಟೆಯ ಮೇಲೆ ಕೂತು ತಾನೇ ಟ್ಯೂಬು ಬಿಚ್ಚಿ, ಉಜ್ಜಿ, ತೇಪೆ ಹಚ್ಚುತ್ತಿದ್ದಳು. ಒಳಗೆ ಬೇಯುವ ಜೋಳದ ರೊಟ್ಟಿಯ ವಾಸನೆಯೂ ಈ ಘಾಟೂ ಕೂಡಿಯೇ ನಮ್ಮ ಮನೆಗೆ ಬರುತ್ತಿದ್ದವು...

ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಆಕೆಯ ಎರಡು ಕಾಲೂ ಸೋತಿದ್ದವು. ಕೈಗಳು ಮಾತ್ರ ಗಟ್ಟಿ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರೆ ಹತ್ತಿ ಮಿಲ್ಲುಗಳ ಸುತ್ತಲಿನ ಖಾನಾವಳಿಗಳಿಗೆಲ್ಲ ಅಲ್ಲಿಂದಲೇ ಹೋಗಬೇಕು. ತಿಂಗಳು ಹುಟ್ಟಿದ ದಿನ ವಾರ್ಡಿನ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು, "ಅಕ್ಕಾ, ವೇಲಿಮುದ್ರ" ಎಂದು ತೆಲುಗಿನಲ್ಲಿ ಕೂಗಿ, ಹೆಬ್ಬೆಟ್ಟು ಒತ್ತಿಸಿಕೊಂಡು ಪಿಂಚಣಿ ಕೈಗಿಟ್ಟು ಹೋಗುತ್ತಿದ್ದರು. ಆಂಧ್ರದಲ್ಲಿ ಹುಟ್ಟಿದ್ದು ನನ್ನ ಪುಣ್ಯ ಎಂದು ಅಕ್ಕನೇ ನಗುತ್ತಿದ್ದಳು.

ಹೊಳೆಯಾಚೆಯಿಂದ ಒಂದು ಸಂಬಂಧ ಬಂದದ್ದು ಆಕೆಗೆ ಮದುವೆಯಾಗುವುದಿಲ್ಲವೆಂದು ಎಲ್ಲರೂ ತೀರ್ಮಾನಿಸಿದ ಮೇಲೆ. ಮಂತ್ರಾಲಯದ ಹತ್ತಿರ ತುಂಗಭದ್ರೆ ದಾಟಿದರೆ ಕರ್ನಾಟಕ. ಅಲ್ಲಿಯ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರು, ಹೆಂಡತಿಯನ್ನು ಕಳೆದುಕೊಂಡವರು. ಗಿರಣಿಯ ಸಾಮಾನಿಗೆ ಆದೋನಿಗೆ ಬಂದಾಗಲೆಲ್ಲ ಅಕ್ಕನ ರೊಟ್ಟಿ ಹೋಗುತ್ತಿದ್ದ ಖಾನಾವಳಿಯಲ್ಲೇ ಊಟ. ಒಂದು ದಿನ ತಮ್ಮ ತಂಗಿಯನ್ನು ಕರೆದುಕೊಂಡು ನೇರವಾಗಿ ಮನೆಗೇ ಬಂದು ಕೇಳಿದರು.

ಅಕ್ಕನ ತಾಯಿ ಒಪ್ಪಲಿಲ್ಲ. ಹುಡುಗನ ಮೇಲೆ ಆಕೆಗೆ ಸಂಶಯವಿರಲಿಲ್ಲ. ಹೊಳೆ ದಾಟಿದರೆ ಇಲ್ಲಿಯ ಪಿಂಚಣಿ ನಿಲ್ಲುತ್ತದೆ, ಅಲ್ಲಿಯದು ಕಡಿಮೆ, ಅದೂ ಯಾವಾಗ ಬರುತ್ತದೋ ಗೊತ್ತಿಲ್ಲ. ತಾನು ಸತ್ತ ಮೇಲೆ ಮಗಳಿಗೆ ಅದೊಂದೇ ಆಧಾರ ಎಂಬುದು ಆಕೆಯ ಹೆದರಿಕೆ. ನಮ್ಮವ್ವನನ್ನೂ ಬುದ್ಧಿ ಹೇಳಲಿಕ್ಕೆ ಕರೆಸಿದ್ದರು. ನಾನೂ ಹಿಂದೆಯೇ ಹೋಗಿದ್ದೆ. ಅಕ್ಕ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಹೇಳಿದಳು: "ಪಿಂಚಣಿ ಬಾಗಲಿಗೆ ಬರತೈತಿ ಅಂತ ನಾ ಜಲ್ಮಪೂರ್ತಿ ಬಾಗಲ ಕಾಯ್ಕೋತ ಕುಂದ್ರಲೇನು, ಅವ್ವ?"

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮದುವೆ ಮಂತ್ರಾಲಯದಲ್ಲಿ ಸರಳವಾಗಿ ಆಯಿತು. ಟಂಟಂ ಗಾಡಿಯ ಹಿಂದೆ ಮೂರು ಗಾಲಿಯ ಸೈಕಲ್ಲನ್ನೂ ರೊಟ್ಟಿಯ ಹಂಚನ್ನೂ ಹೇರಿಕೊಂಡು ಅಕ್ಕ ಹೊಳೆ ದಾಟಿದಳು.

ತಾಯಿ ಹೆದರಿದ್ದೇ ಆಯಿತು. ಇಲ್ಲಿಯದು ನಿಂತಿತು, ಅಲ್ಲಿಯದು ಶುರುವಾಗಲಿಲ್ಲ. ಒಮ್ಮೆ ನಾನು ನೋಡಲು ಹೋದಾಗ, ಆಕೆ ಅದರ ಸಲುವಾಗಿಯೇ ತಾಲ್ಲೂಕು ಕಚೇರಿಗೆ ಹೊರಟು ನಿಂತಿದ್ದಳು. ಜೊತೆಗೆ ಹೋದೆ. ಕಚೇರಿ ಮಹಡಿಯ ಮೇಲಿತ್ತು. ಕೆಳಗಿನಿಂದ ಹೇಳಿ ಕಳಿಸಿದರೆ, ಅರ್ಜಿದಾರರೇ ಮೇಲೆ ಬರಬೇಕು ಎಂಬ ಉತ್ತರ ಬಂತು. ಅಕ್ಕ ಮೆಟ್ಟಿಲ ಬುಡದಲ್ಲಿ ಸೈಕಲ್ಲು ನಿಲ್ಲಿಸಿ, ದನಿ ಏರಿಸದೆ, ಮೇಲಿನವರಿಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು: "ಮ್ಯಾಲ ಹತ್ತಾಕ ಆಗಿದ್ರ ನಾ ಇಲ್ಲಿಗೆ ಬರೂದೇ ಬ್ಯಾಡಾಗಿತ್ತಲ್ರಿ."

ಸ್ವಲ್ಪ ಹೊತ್ತಿಗೆ ಸಾಹೇಬರೇ ಇಳಿದು ಬಂದರು. ಒಳ್ಳೆಯ ಮನುಷ್ಯ. ಅಂಗವಿಕಲರ ಗುರುತಿನ ಕಾರ್ಡು ಎಲ್ಲಾ ಕಡೆ ನಡೆಯುತ್ತದೆ, ಪಿಂಚಣಿ ಮಾತ್ರ ಆಯಾ ರಾಜ್ಯದ್ದು, ಇಲ್ಲಿಯ ವಾಸದ ದಾಖಲೆ ಸಿಕ್ಕಮೇಲೆ ಮೊದಲಿನಿಂದ ಹಾಕಬೇಕು ಎಂದು ಸಮಾಧಾನದಿಂದ ವಿವರಿಸಿದರು.

"ಹೊಳಿ ದಾಟಿದ್ರ ನನ್ನ ಕಾಲು ನೆಟ್ಟಗ ಆಗತೈತೇನ್ರಿ?" ಎಂದಳು ಅಕ್ಕ.

ಅವರು ಆಕೆಯ ಕಾಗದಗಳಿಗೆ ಕೈಚಾಚಿದರು. ಅವನ್ನು ಅಲ್ಲೇ, ಸೈಕಲ್ಲಿನ ಹ್ಯಾಂಡಲ್ಲಿಗೆ ಒರಗಿಸಿಕೊಂಡೇ ನೋಡಿದರು. ಹಳ್ಳಿಯ ಪಂಚಾಯಿತಿಯಲ್ಲಿ ಇಂಥ ಕೆಲಸಕ್ಕೆಂದೇ ಒಬ್ಬ ಕಾರ್ಯಕರ್ತ ಇದ್ದಾನೆ, ಅವನನ್ನು ಹಿಡಿಯಿರಿ ಎಂದೂ ತಿಳಿಸಿದರು. ಅಕ್ಕನಿಗೆ ಅದು ಹೊಸ ಸುದ್ದಿ. ನಮ್ಮ ಕಡೆ ಹಾಗೊಬ್ಬರು ಇರುವುದನ್ನು ನಾವು ಕೇಳಿರಲಿಲ್ಲ.

ಆ ಕಾರ್ಯಕರ್ತನೂ ಅಂಗವಿಕಲನೇ, ಒಂದು ಕೈ ಇರಲಿಲ್ಲ. ಅಕ್ಕನ ಅರ್ಜಿ ತುಂಬುತ್ತ, ಸುತ್ತಲಿನ ಊರುಗಳಲ್ಲಿ ಕಾರ್ಡೇ ಇಲ್ಲದವರು ಬಹಳ ಜನ ಇದ್ದಾರೆ, ಡಾಕ್ಟರ ತಪಾಸಣೆಗೆ ಜಿಲ್ಲಾ ಆಸ್ಪತ್ರೆವರೆಗೆ ಅವರನ್ನು ಹೊತ್ತೊಯ್ಯುವವರಿಲ್ಲ ಎಂದನಂತೆ. ಹಾಗಾದರೆ ಡಾಕ್ಟರನ್ನೇ ಕರೆಸೋಣ ಎಂದಳು ಅಕ್ಕ. ಅಲ್ಲಿಂದ ಇಬ್ಬರೂ ಬೆನ್ನು ಬಿಡಲಿಲ್ಲ. ಗಿರಣಿಗೆ ಜೋಳ ತಂದವರ ಮನೆಯಲ್ಲೆಲ್ಲ ಯಾರಿದ್ದಾರೆ ಎಂದು ಅಕ್ಕ ವಿಚಾರಿಸಿದಳು. ಟ್ರ್ಯಾಕ್ಟರಿನಲ್ಲಿ ಅವರನ್ನು ಕೂರಿಸಿಕೊಂಡು ಅದೇ ಮೆಟ್ಟಿಲ ಬುಡಕ್ಕೆ ಮತ್ತೆ ಮತ್ತೆ ಹೋದಳು. ಕೊನೆಗೆ ಊರ ಶಾಲೆಯಲ್ಲೇ ತಪಾಸಣೆ ನಡೆಯಿತು.

ಆ ದಿನ ರೊಟ್ಟಿ ಬಡಿಯಲು ಕೈ ಸಾಲದೆಂದು ನನ್ನನ್ನು ಕರೆಸಿದ್ದಳು. ಬೆಳೆದ ಮೇಲೆ ಮನೆಯ ಹೊಸ್ತಿಲನ್ನೇ ದಾಟದವರು ಅಣ್ಣತಮ್ಮಂದಿರ ಹೆಗಲ ಮೇಲೆ ಬಂದಿದ್ದರು. ಒಬ್ಬ ಹೆಂಗಸು ಬೇವಿನ ಮರದ ಕೆಳಗೆ ಕೂತು ಸುಮ್ಮನೆ ಜನರನ್ನು ನೋಡುತ್ತಿದ್ದಳು, ಊಟಕ್ಕೆ ಕರೆದರೂ ಏಳಲಿಲ್ಲ... ಅಕ್ಕ ತಾನೇ ಆಕೆಯ ಬಳಿಗೆ ಸೈಕಲ್ಲು ಓಡಿಸಿಕೊಂಡು ಹೋದಳು. ಒಂದೇ ತಾಟಿನಲ್ಲಿ ಇಬ್ಬರೂ ಉಂಡರು.

ಅಕ್ಕನ ಪಿಂಚಣಿಯೂ ಆಮೇಲೆ ಶುರುವಾಯಿತು. ಇಲ್ಲಿಯದಕ್ಕಿಂತ ಕಡಿಮೆಯೇ. ಆದೋನಿಗೆ ಬಂದಾಗಲೆಲ್ಲ ನನ್ನ ಜೊತೆ ವಾದಿಸುತ್ತಿದ್ದಳು: ಮನೆ ಬಾಗಿಲಿಗೆ ತಂದುಕೊಡುವುದನ್ನು ಆ ಕಡೆಯವರು ನಿಮ್ಮಿಂದ ಕಲಿಯಬೇಕು, ಊರಿಗೊಬ್ಬ ಕಾರ್ಯಕರ್ತನನ್ನು ಇಡುವುದನ್ನು ನೀವು ಆ ಕಡೆಯಿಂದ ಕಲಿಯಬೇಕು ಎಂದು. ಕೇಳುವವರು ಯಾರು ಎಂದರೆ, ಕೇಳದಿದ್ದರೆ ಯಾರು ಕೊಡುತ್ತಾರೆ ಎನ್ನುವಳು.

ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಕೆಯ ಗಂಡ, ಗಿರಣಿಯ ಯಜಮಾನರು, ನನ್ನನ್ನು ಒಳಗೆ ಕರೆದರು. "ಊರಾಗ ಒಂದು ಮನಿಯಾಗೂ ಒಲಿ ಹಚ್ಚಿಲ್ಲವ್ವಾ" ಎಂದರು.

ಮೊನ್ನೆ ನಮ್ಮ ಓಣಿಗೆ ಹೊಸದಾಗಿ ಸೊಸೆಯಾಗಿ ಬಂದವಳೊಬ್ಬಳು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹುಟ್ಟಿದ್ದು ಹೊಳೆಯಾಚೆ, ಕಣ್ಣು ಮಂದ, ತೆಲುಗು ಬಾರದು. ಕಾರ್ಡು ಕೈಯಲ್ಲಿ ಹಿಡಿದು, ಇಲ್ಲಿ ಇಂಥದನ್ನೆಲ್ಲ ಯಾರಲ್ಲಿ ಕೇಳಬೇಕು ಎಂದಳು. ನನ್ನ ಕೈ ತಾನಾಗಿಯೇ ಎದುರುಮನೆಯ ಕಡೆ ಎದ್ದಿತು. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಕೈ ಇಳಿಸಿ ಚಪ್ಪಲಿ ಮೆಟ್ಟಿಕೊಂಡೆ. "ನಡಿಯವಾ, ನಾನೇ ಬರ್ತೀನಿ" ಎಂದೆ.